ಹುಲ್ಲು ಚೆನ್ನಾಗಿ ಬೆಳೆದಿದೆ, ನೋಡುವವರು ಬೆಳೆಯಲಿಲ್ಲ

ನಾನು ಗಾಲ್ಫ್ ಆಡುವವನಲ್ಲ, ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ. ಟೂರ್ನಿ ನಡೆಯುವಾಗ ಹೋಗಿ, ಹಗ್ಗದ ಈಚೆ ನಿಂತು, ಆಟಗಾರರ ಹಿಂದೆಯೇ ಒಂದು ಹೋಲಿನಿಂದ (ಚೆಂಡು ಬೀಳಿಸಬೇಕಾದ ಕುಳಿ) ಇನ್ನೊಂದು ಹೋಲಿಗೆ ನಡೆಯುತ್ತ ನೋಡುವ ಅಭ್ಯಾಸ ಮಾತ್ರ ನನಗಿದೆ. ಆ ಜಾಗದಲ್ಲಿ ನಿಂತು ಬೆಂಗಳೂರಿನ ಗಾಲ್ಫ್ ಬಗ್ಗೆ ಒಂದು ಮಾತು ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ದೇಶದ ಉತ್ತಮ ಕೋರ್ಸುಗಳ ಸಾಲಿಗೆ ಸೇರುವಂಥವು ಈ ಊರಿನಲ್ಲಿವೆ, ಜಗತ್ತಿನ ದೊಡ್ಡ ಟೂರ್ನಿಗಳಲ್ಲಿ ಹೆಸರು ಮಾಡಿದ ಆಟಗಾರರೂ ಇಲ್ಲಿಂದಲೇ ಹೋಗಿದ್ದಾರೆ. ಆದರೆ ಅವರ ಆಟವನ್ನು ನಿಂತು ನೋಡುವ ಒಂದು ಪ್ರೇಕ್ಷಕ ವರ್ಗ ಇಲ್ಲಿ ಹುಟ್ಟಲೇ ಇಲ್ಲ. ಅದು ಹುಟ್ಟಲು ಬೇಕಾದ ಅವಕಾಶವನ್ನೇ ನಾವು ಮಾಡಿಕೊಟ್ಟಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಕೋರ್ಸುಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಮ್ಮಲ್ಲಿರುವುದರ ಬೆಲೆ ನಮ್ಮವರಿಗೇ ಸರಿಯಾಗಿ ತಿಳಿದಿಲ್ಲ. ಹಳೆ ವಿಮಾನ ನಿಲ್ದಾಣ ರಸ್ತೆಯ ಪಕ್ಕದಲ್ಲಿರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಕೋರ್ಸನ್ನು ವಿನ್ಯಾಸ ಮಾಡಿದವರು ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್ ಮತ್ತು ಅವರ ಜೊತೆಗಾರ ಮೈಕೆಲ್ ವೂಲ್ವರಿಜ್. ಥಾಮ್ಸನ್ ಬರಿಯ ವಿನ್ಯಾಸಕಾರರಾಗಿರಲಿಲ್ಲ. ಬ್ರಿಟನ್ನಿನ ಓಪನ್ ಚಾಂಪಿಯನ್‌ಷಿಪ್ ಅನ್ನು ಐದು ಬಾರಿ ಗೆದ್ದವರು, 1964ರಲ್ಲಿ ಇಂಡಿಯನ್ ಓಪನ್ ಆರಂಭವಾಗಲು ನೆರವಾಗಿ ಆ ಮೊದಲ ಟೂರ್ನಿಯನ್ನು ತಾವೇ ಗೆದ್ದವರು, ಆಮೇಲೆ 1966ರಲ್ಲಿಯೂ 1976ರಲ್ಲಿಯೂ ಮತ್ತೆ ಗೆದ್ದವರು. ಭಾರತದ ಮಣ್ಣು, ಬಿಸಿಲು, ಮಳೆಗಳನ್ನು ಕಾಲಿನಿಂದ ನಡೆದು ತಿಳಿದಿದ್ದ ಒಬ್ಬ ದೊಡ್ಡ ಆಟಗಾರ ನಮ್ಮ ಚಲ್ಲಘಟ್ಟದ ಕೆರೆಯಂಗಳದಲ್ಲಿ ಹದಿನೆಂಟು ಹೋಲುಗಳನ್ನು ಜೋಡಿಸಿಕೊಟ್ಟರು ಎಂಬುದು ಈ ಊರು ನೆನಪಿಟ್ಟುಕೊಳ್ಳಬೇಕಾದ ಸಂಗತಿ.

ಕೋರ್ಸಿನ ಗುಣಮಟ್ಟ ಎಂದರೆ ಹಸಿರು ಕಾಣುವುದು ಎಂದು ಹೊರಗಿನವರು ಭಾವಿಸುತ್ತಾರೆ. ಆಟಗಾರರು ಮೊದಲು ಕೇಳುವುದು ಗ್ರೀನಿನ, ಎಂದರೆ ಹೋಲಿನ ಸುತ್ತ ಹುಲ್ಲನ್ನು ಬಹಳ ಗಿಡ್ಡಗೆ ಕತ್ತರಿಸಿದ ಅಂಗಳದ, ವೇಗವನ್ನು. ಅದನ್ನು ಅಳೆಯಲು ಸ್ಟಿಂಪ್‌ಮೀಟರ್ ಎಂಬ ಸರಳ ಸಾಧನವಿದೆ: ಸುಮಾರು ಮೂರು ಅಡಿ ಉದ್ದದ, ನಡುವೆ ಉದ್ದಕ್ಕೂ ತೋಡಿರುವ ಲೋಹದ ಪಟ್ಟಿ. ಅದರ ಮೇಲೆ ಚೆಂಡನ್ನಿಟ್ಟು ಒಂದು ತುದಿಯನ್ನು ನಿಧಾನವಾಗಿ ಎತ್ತಿದರೆ ಚೆಂಡು ಜಾರಿ ಗ್ರೀನಿನ ಮೇಲೆ ಉರುಳುತ್ತದೆ, ಅದು ಎಷ್ಟು ಅಡಿ ದೂರ ಹೋಗಿ ನಿಲ್ಲುತ್ತದೆಯೋ ಅದೇ ಗ್ರೀನಿನ ವೇಗ. ಸದಸ್ಯರು ದಿನವೂ ಆಡುವ ಗ್ರೀನಿನಲ್ಲಿ ಎಂಟೊಂಬತ್ತು ಅಡಿ ಸಾಕು, ದೊಡ್ಡ ಟೂರ್ನಿಗೆ ಹತ್ತು ದಾಟಬೇಕು. ಆ ಒಂದೆರಡು ಅಡಿಗಳ ವ್ಯತ್ಯಾಸದ ಹಿಂದೆ ಹುಲ್ಲನ್ನು ಮೂರು ಮಿಲಿಮೀಟರಿನ ಆಸುಪಾಸಿಗೆ ಕತ್ತರಿಸುವ, ಮರಳು ಹಾಯಿಸುವ, ರೋಲರ್ ಎಳೆಯುವ, ರೋಗ ಬಾರದಂತೆ ಕಾಯುವ ಕೆಲಸಗಾರರ ವಾರಗಟ್ಟಲೆಯ ದುಡಿಮೆ ಇರುತ್ತದೆ. ಬೆಳಗಿನ ಮೊದಲ ಆಟಗಾರ ಟೀ (ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆ ನಿಲ್ಲುವ ಎಷ್ಟೋ ಹೊತ್ತಿನ ಮುಂಚೆ, ಕತ್ತಲಿರುವಾಗಲೇ ಅವರು ಗ್ರೀನಿನ ಮೇಲಿರುತ್ತಾರೆ. ಟೂರ್ನಿ ಮುಗಿದಾಗ ಬಹುಮಾನ ವಿತರಣೆಯ ವೇದಿಕೆಗೆ ಅವರನ್ನು ಕರೆದು ಚಪ್ಪಾಳೆ ತಟ್ಟುವ ಪದ್ಧತಿ ಎಲ್ಲೆಡೆಯೂ ಬರಬೇಕು.

ಬೆಂಗಳೂರಿನ ಹವೆ ಈ ಕೆಲಸಕ್ಕೆ ಕೂಡಿಬಂದಿದೆ. ದೆಹಲಿಯ ಚಳಿಗಾಲದಲ್ಲಿ ಬರ್ಮುಡಾ ಜಾತಿಯ ಹುಲ್ಲು ನಿದ್ದೆ ಹೋಗಿ ಕಂದು ಬಣ್ಣಕ್ಕೆ ತಿರುಗುತ್ತದೆ, ಮುಂಜಾವಿನ ಮಂಜಿನಿಂದ ಆಟ ಗಂಟೆಗಟ್ಟಲೆ ತಡವಾಗುವುದೂ ಉಂಟು. ನಮ್ಮಲ್ಲಿ ಡಿಸೆಂಬರಿನಲ್ಲೂ ಹುಲ್ಲು ಎದ್ದೇ ಇರುತ್ತದೆ, ಏಪ್ರಿಲ್ ತಿಂಗಳಲ್ಲೂ ಮಧ್ಯಾಹ್ನದ ಆಟ ಅಸಾಧ್ಯವಾಗುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿ ತೆಳು, ಚೆಂಡು ಚೆನ್ನೈಯಲ್ಲಿ ಹೋಗುವುದಕ್ಕಿಂತ ತುಸು ದೂರ ಹೋಗುತ್ತದೆ. ಹೊರಗಿನಿಂದ ಬಂದ ಆಟಗಾರರು ಮೊದಲ ದಿನ ಕ್ಲಬ್ (ಚೆಂಡು ಹೊಡೆಯುವ ಕೋಲು) ಆಯ್ಕೆಯಲ್ಲಿ ತಡಕಾಡುವುದನ್ನು ಹಗ್ಗದ ಪಕ್ಕ ನಿಂತವರು ಗುರುತಿಸಬಹುದು. ನಮಗೆ ತೊಂದರೆ ಕೊಡುವುದು ಮಳೆ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಸಂಜೆ ಸುರಿಯುವ ನೀರು ಬೆಳಗಿನೊಳಗೆ ಬಸಿದು ಹೋಗದಿದ್ದರೆ, ಅದರಲ್ಲೂ ಒಂದು ಕಾಲದಲ್ಲಿ ಕೆರೆಯೇ ಆಗಿದ್ದ ತಗ್ಗಿನಲ್ಲಿ, ಟೀಯಿಂದ ಗ್ರೀನಿನವರೆಗಿನ ಹುಲ್ಲಿನ ಹಾದಿಯಾದ ಫೇರ್‌ವೇ ಕೆಸರಾಗುತ್ತದೆ. ಕೋರ್ಸಿನ ನಿಜವಾದ ಯೋಗ್ಯತೆ ನೆಲದ ಮೇಲಿನ ಹುಲ್ಲಿಗಿಂತ ನೆಲದಡಿಯ ಬಸಿಗಾಲುವೆಯಲ್ಲಿ ಗೊತ್ತಾಗುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿ.

ಊರಿನ ನಡುವಿನ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಬ್ರಿಟಿಷ್ ದ್ವೀಪಗಳ ಹೊರಗೆ ಅಷ್ಟು ಹಳೆಯ ಗಾಲ್ಫ್ ಕ್ಲಬ್ಬುಗಳು ಬಹಳ ಇಲ್ಲ. ಅದರ ಕೋರ್ಸು ಇಕ್ಕಟ್ಟಾದದ್ದು, ಇಂದಿನ ವೃತ್ತಿಪರರ ಉದ್ದ ಹೊಡೆತಕ್ಕೆ ಸಾಲುವಂಥದ್ದಲ್ಲ, ಆದರೆ ಸುತ್ತ ನಗರ ಒತ್ತಿಕೊಂಡು ಬೆಳೆದರೂ ಒಂದೂವರೆ ಶತಮಾನ ಉಳಿದುಬಂದಿರುವುದು ಸಣ್ಣ ಮಾತಲ್ಲ. ಬಿಡದಿಯ ಈಗಲ್‌ಟನ್, ನಂದಿ ಬೆಟ್ಟದ ತಪ್ಪಲಿನ ಪ್ರೆಸ್ಟೀಜ್ ಗಾಲ್ಫ್‌ಶೈರ್ ಇವೆಲ್ಲ ಆಮೇಲೆ ಬಂದವು. ಒಟ್ಟಿನಲ್ಲಿ ಕೋರ್ಸುಗಳ ಬಗ್ಗೆ ನನ್ನ ದೂರಿಲ್ಲ.

ಆಟಗಾರರ ಬಗ್ಗೆಯೂ ಇಲ್ಲ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಬೆಂಗಳೂರಿನಲ್ಲಿ ಕ್ಯಾಡಿಯಾಗಿ, ಬೇರೆಯವರ ಬ್ಯಾಗು ಹೊತ್ತು ಆಟ ಕಲಿತವರು. ಈಗಲ್‌ಟನ್ ಪಕ್ಕದ ಹಳ್ಳಿಯಲ್ಲಿ ಬೆಳೆದ ಚಿಕ್ಕರಂಗಪ್ಪ ಬಾಲ್ಯದಲ್ಲಿ ಆ ಕೋರ್ಸಿನಲ್ಲೇ ಕೆಲಸ ಮಾಡುತ್ತ ಕ್ಲಬ್ ಹಿಡಿದವರು. ಇಲ್ಲಿ ನೆಲೆಸಿ ಅಭ್ಯಾಸ ಮಾಡಿದ ಅನಿರ್ಬನ್ ಲಾಹಿರಿ 2015ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಜಂಟಿ ಐದನೇ ಸ್ಥಾನ ಪಡೆದರು. ಮೈಸೂರಿನ ಪ್ರಣವಿ ಅರಸ್ ಯುರೋಪಿನ ಮಹಿಳಾ ಟೂರಿನಲ್ಲಿ ಆಡುತ್ತಿದ್ದಾರೆ. ಅದಿತಿ ಅಶೋಕ್ ಅವರ ಬಗ್ಗೆ ನಾನು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. 2021ರ ಆಗಸ್ಟ್ 7ರ ಶನಿವಾರ ನಸುಕಿನಲ್ಲಿ, ಆಗ ವಿಶ್ವ ಕ್ರಮಾಂಕದಲ್ಲಿ 200ನೇ ಸ್ಥಾನದಲ್ಲಿದ್ದ ಈ ಬೆಂಗಳೂರಿನ ಹುಡುಗಿ ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತಿನಲ್ಲಿ ಪದಕಕ್ಕಾಗಿ ಹೋರಾಡುತ್ತಿದ್ದಾಗ, ಅದುವರೆಗೆ ಪಾರ್ (ಒಂದು ಹೋಲಿಗೆ ಗೊತ್ತುಮಾಡಿದ ಹೊಡೆತಗಳ ಸಂಖ್ಯೆ) ಎಂದರೇನು, ಬರ್ಡಿ (ಅದಕ್ಕಿಂತ ಒಂದು ಹೊಡೆತ ಕಡಿಮೆ) ಎಂದರೇನು ಎಂದು ತಿಳಿಯದಿದ್ದ ಮನೆಗಳಲ್ಲೂ ಟಿವಿ ಹಚ್ಚಿಟ್ಟಿದ್ದರು. ಕೋವಿಡ್‌ನಿಂದಾಗಿ ಕಾಸುಮಿಗಸೆಕಿ ಕೋರ್ಸಿನಲ್ಲಿ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಮಗಳ ಬ್ಯಾಗನ್ನು ತಾಯಿಯೇ ಹೊತ್ತಿದ್ದರು. ಒಂದೇ ಒಂದು ಹೊಡೆತದಿಂದ ಕಂಚು ತಪ್ಪಿ ನಾಲ್ಕನೇ ಸ್ಥಾನ ಬಂತು. ಆ ಮುಂಜಾನೆ ನಮ್ಮವರು ಗಂಟೆಗಟ್ಟಲೆ ಕೂತು ಗಾಲ್ಫ್ ನೋಡಿದರು, ಪಟ್ (ಗ್ರೀನಿನ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) ತಪ್ಪಿದಾಗ ಉಸಿರು ಬಿಟ್ಟರು, ಎದುರಾಳಿಗಳಾದ ಲಿಡಿಯಾ ಕೋ ಮತ್ತು ನೆಲ್ಲಿ ಕೋರ್ಡಾ ಅವರ ಸ್ಕೋರುಗಳನ್ನು ಲೆಕ್ಕ ಹಾಕಿದರು. ನಮ್ಮ ಜನಕ್ಕೆ ಈ ಆಟ ಅರ್ಥವಾಗುವುದಿಲ್ಲ, ಬೇಸರ ಬರುತ್ತದೆ ಎಂಬ ವಾದವನ್ನು ಆ ದಿನದ ನಂತರ ಯಾರೂ ಮುಂದಿಡಬಾರದಿತ್ತು.

ಆದರೂ ಇಲ್ಲೇ ನಡೆಯುವ ಟೂರ್ನಿಗಳಲ್ಲಿ ಹಗ್ಗದ ಪಕ್ಕ ನಿಂತವರನ್ನು ನೋಡಿ. ಆಟಗಾರರ ಮನೆಯವರು, ಪ್ರಾಯೋಜಕ ಸಂಸ್ಥೆಯ ಅತಿಥಿಗಳು, ಕೆಲವು ಸದಸ್ಯರು, ಅಕಾಡೆಮಿಗಳಿಂದ ಬಂದ ಮಕ್ಕಳು, ಅವರನ್ನು ಬಿಟ್ಟರೆ ಅಂದು ಕೆಲಸವಿಲ್ಲದ ಕ್ಯಾಡಿಗಳು. 2012ರಲ್ಲಿ ಇಂಡಿಯನ್ ಓಪನ್ ನಮ್ಮ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಕೋರ್ಸಿಗೇ ಬಂದಿತ್ತು. ಥಾಯ್ಲೆಂಡಿನ ಥಾವರ್ನ್ ವಿರಾಚಾಂತ್ ಸ್ಕಾಟ್ಲೆಂಡಿನ ರಿಚಿ ರಾಮ್ಸೆ ಅವರನ್ನು ಪ್ಲೇಆಫ್‌ನಲ್ಲಿ (ಸ್ಕೋರು ಸಮವಾದಾಗ ಆಡುವ ಹೆಚ್ಚುವರಿ ಆಟ) ಸೋಲಿಸಿದ ಆ ಟೂರ್ನಿ ಊರೇ ಮಾತಾಡಿಕೊಳ್ಳುವಂಥ ಸ್ಪರ್ಧೆಯಾಗಿತ್ತು. 2018ರಲ್ಲಿ ಅದೇ ಕೋರ್ಸಿನಲ್ಲಿ ಇಪ್ಪತ್ತು ವರ್ಷದ ವಿರಾಜ್ ಮಾದಪ್ಪ ಏಷ್ಯನ್ ಟೂರಿನ ಪ್ರಶಸ್ತಿ ಗೆದ್ದರು. ಇವೆರಡೂ ನಡೆದದ್ದು ಈ ಊರಿನ ಎಷ್ಟು ಜನಕ್ಕೆ ಗೊತ್ತು? ಇಂಡಿಯನ್ ಓಪನ್ ಆ ನಂತರದ ವರ್ಷಗಳಲ್ಲಿ ದೆಹಲಿ ಮತ್ತು ಗುರುಗ್ರಾಮದ ಕೋರ್ಸುಗಳಲ್ಲೇ ನಡೆದಿದೆ. ಅದಕ್ಕೆ ಹಣ, ಪ್ರಾಯೋಜಕತ್ವ ಮುಂತಾದ ಹತ್ತು ಕಾರಣಗಳಿರಬಹುದು. ಆದರೆ ಗೇಟಿನ ಮುಂದೆ ಸಾಲು ನಿಲ್ಲುವ ಜನ ಇದ್ದಿದ್ದರೆ, ಆ ಜನರನ್ನು ತೋರಿಸಿಯೇ ದೊಡ್ಡ ಟೂರ್ನಿಯನ್ನು ಕರೆತರಲು ನಮ್ಮವರಿಗೆ ಒಂದು ಬಲ ಸಿಗುತ್ತಿತ್ತು.

ಬೆಂಗಳೂರಿನವರಿಗೆ ಮೌನವಾಗಿ ನೋಡುವ ತಾಳ್ಮೆ ಇಲ್ಲ ಎಂದು ಒಬ್ಬ ಹಿರಿಯ ಸದಸ್ಯರು ನನಗೆ ಹೇಳಿದ್ದರು. ನಾನು ಒಪ್ಪುವುದಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ನಡೆಯುವ, 1939ರಲ್ಲಿ ಶುರುವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವಕ್ಕೆ ಹೋದವರಿಗೆ ಗೊತ್ತು: ಆಲಾಪನೆ ನಡೆಯುವಾಗ ಇಡೀ ಚಪ್ಪರ ಸದ್ದಡಗಿರುತ್ತದೆ, ಒಂದು ಸಂಗತಿ ಸರಿಯಾಗಿ ಬಿದ್ದ ಕ್ಷಣಕ್ಕೆ ಮಾತ್ರ ‘ಭಲೆ’ ಎಂಬ ಮಾತು ಹೊರಡುತ್ತದೆ, ಟಿಕೆಟ್ ಕೊಳ್ಳದವರು ಹೊರಗಡೆ ರಸ್ತೆಬದಿಯಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತ ಅಷ್ಟೇ ಶ್ರದ್ಧೆಯಿಂದ ಕೇಳುತ್ತಾರೆ. ಯಾವಾಗ ಸುಮ್ಮನಿರಬೇಕು, ಯಾವಾಗ ಮೆಚ್ಚಬೇಕು ಎಂಬ ಆ ವಿವೇಕವೇ ಗಾಲ್ಫ್ ಗ್ಯಾಲರಿಗೂ ಬೇಕಾದದ್ದು. ಅದು ಈ ಊರಿನಲ್ಲಿದೆ. ಸಂಗೀತದವರು ಕೇಳುಗರನ್ನು ರಸ್ತೆಬದಿಯಲ್ಲಾದರೂ ಕೂರಲು ಬಿಟ್ಟರು, ಹಾಗಾಗಿ ಕೇಳುಗರು ತಲೆಮಾರಿನಿಂದ ತಲೆಮಾರಿಗೆ ಬೆಳೆದರು. ಗಾಲ್ಫ್‌ನವರು ಕಾಂಪೌಂಡು ಎತ್ತರಿಸಿದರು.

ಮೌನದ ವಿಷಯದಲ್ಲಿ ಇನ್ನೊಂದು ಮಾತು. ಚಲ್ಲಘಟ್ಟದ ಕೋರ್ಸಿನ ಪಕ್ಕದಲ್ಲೇ ಎಚ್‌ಎಎಲ್ ರನ್‌ವೇ ಇದೆ, ವಿಮಾನದ ಸದ್ದು ಕಿವಿಗೆ ಬೀಳುತ್ತದೆ, ಆಟಗಾರರು ಅದಕ್ಕೆ ಹೊಂದಿಕೊಳ್ಳುತ್ತಾರೆ. ಅವರ ಕೈ ತಪ್ಪಿಸುವುದು ನಿಶ್ಶಬ್ದದ ನಡುವೆ ಕ್ಲಬ್ ಹಿಂದಕ್ಕೆ ಹೋದ ಗಳಿಗೆಯಲ್ಲಿ ತಟ್ಟನೆ ಬರುವ ಮೊಬೈಲಿನ ರಿಂಗು ಅಥವಾ ಕ್ಯಾಮೆರಾದ ಕ್ಲಿಕ್ಕು. ಪ್ರೇಕ್ಷಕರನ್ನು ನೋಡಿಕೊಳ್ಳುವ ಮಾರ್ಷಲ್‌ಗಳು ಸುಮ್ಮನಿರಿ ಎಂಬ ಫಲಕ ಎತ್ತುವುದು ಇದಕ್ಕಾಗಿ ಎಂದು ಒಮ್ಮೆ ವಿವರಿಸಿ ಹೇಳಿದರೆ ಯಾವ ಪ್ರೇಕ್ಷಕನೂ ಮುನಿಸಿಕೊಳ್ಳುವುದಿಲ್ಲ. ಏಕೆಂದು ಹೇಳದೆ ಬರಿದೇ ಗದರಿಸಿದರೆ ಆತ ಮತ್ತೆಂದೂ ಬರುವುದಿಲ್ಲ.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್ ಜಗತ್ತಿನ ಅತ್ಯಂತ ಪ್ರಸಿದ್ಧ ಗಾಲ್ಫ್ ಅಂಗಳ. ಅದು ಸಾರ್ವಜನಿಕ ನೆಲ. ಮಾಮೂಲಿ ಭಾನುವಾರಗಳಲ್ಲಿ ಅಲ್ಲಿ ಆಟವಿಲ್ಲ, ಊರಿನವರು ಮಕ್ಕಳು ನಾಯಿಗಳೊಂದಿಗೆ ಫೇರ್‌ವೇಗಳ ಮೇಲೆ ಅಡ್ಡಾಡುತ್ತಾರೆ. ಆ ಸಣ್ಣ ಊರಿನಲ್ಲಿ 2022ರಲ್ಲಿ ನಡೆದ 150ನೇ ಓಪನ್ ಚಾಂಪಿಯನ್‌ಷಿಪ್‌ಗೆ ಬಂದ ಪ್ರೇಕ್ಷಕರು 2,90,000. ಅಮೆರಿಕದ ಅರಿಜೋನಾದಲ್ಲಿ ನಡೆಯುವ ಫೀನಿಕ್ಸ್ ಓಪನ್‌ನಲ್ಲಿ ಹದಿನಾರನೇ ಹೋಲಿನ ಸುತ್ತ ಸಾವಿರಾರು ಜನ ಕೂರುವ ಕ್ರೀಡಾಂಗಣವನ್ನೇ ಕಟ್ಟಿ, ಕೂಗಾಟಕ್ಕೂ ಅನುಮತಿ ಕೊಡುತ್ತಾರೆ. ಆ ಗದ್ದಲ ನನಗೆ ಇಷ್ಟವಿಲ್ಲ, ನಮಗೆ ಅದು ಬೇಡ. ಸೇಂಟ್ ಆಂಡ್ರೂಸ್‌ನ ದಾರಿ ನಮಗೆ ಹತ್ತಿರದ್ದು, ಏಕೆಂದರೆ ಅಲ್ಲಿಯ ಹುಡುಗನಿಗೆ ಗ್ರೀನ್ ಎಂದರೇನು ಎಂದು ಯಾರೂ ಪಾಠ ಮಾಡಬೇಕಿಲ್ಲ. ಭಾನುವಾರದ ಸಂಜೆ ಅದರ ಅಂಚಿನಲ್ಲೇ ನಡೆದು ಬೆಳೆದಿರುತ್ತಾನೆ.

ಚಲ್ಲಘಟ್ಟದ ಕೆರೆಯ ಮಾತನ್ನು ಮೇಲೆ ಎತ್ತಿದ್ದು ಸುಮ್ಮನೆ ಅಲ್ಲ. ಕೆರೆ ಊರಿನವರೆಲ್ಲರ ಆಸ್ತಿ. ಅದರ ಅಂಗಳದಲ್ಲಿ ಎದ್ದ ಕೋರ್ಸಿನ ಮೇಲೆ ಊರಿನವರಿಗೆ ಆಡುವ ಹಕ್ಕಿದೆ ಎಂದು ನಾನು ವಾದಿಸುವುದಿಲ್ಲ, ಆದರೆ ವರ್ಷದಲ್ಲಿ ಕೆಲವು ದಿನ ಒಳಗೆ ಬಂದು ನೋಡುವ ಒಂದು ಸಲುಗೆ ಇರಲೇಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗಾಗಿ ಪರದಾಡಿದಾಗ ಗಾಲ್ಫ್ ಅಂಗಳಗಳ ಹಸಿರನ್ನು ಜನ ಸಿಟ್ಟಿನಿಂದ ನೋಡಿದರು. ಎಷ್ಟು ನೀರು ಬಳಸುತ್ತೇವೆ, ಅದರಲ್ಲಿ ಶುದ್ಧೀಕರಿಸಿದ ಕೊಳಚೆ ನೀರು ಎಷ್ಟು ಎಂಬುದನ್ನು ಎಲ್ಲ ಕ್ಲಬ್ಬುಗಳೂ ಗೇಟಿನ ಹೊರಗೆ ಬರೆದು ಹಾಕಲಿ. ಒಳಗೆ ಕಾಲಿಟ್ಟು, ಆ ಹುಲ್ಲಿನ ಮೇಲೆ ಒಳ್ಳೆಯ ಆಟ ನೋಡಿದ ನಗರವಾಸಿ ಆ ಹಸಿರನ್ನು ತನ್ನದೆಂದು ಕಾಯುತ್ತಾನೆ, ಗೋಡೆಯಾಚೆಯಿಂದ ನೋಡುವವನಿಗೆ ಅದು ಬೇರೆಯವರ ಸೊತ್ತಾಗಿಯೇ ಉಳಿಯುತ್ತದೆ.

ಮಾಡಬೇಕಾದದ್ದು ದುಬಾರಿಯದೇನೂ ಅಲ್ಲ. ಟೂರ್ನಿಯ ನಾಲ್ಕೂ ದಿನ ಸಾರ್ವಜನಿಕರಿಗೆ ಪ್ರತ್ಯೇಕ ಗೇಟು ತೆರೆದು, ಅದರ ಮೇಲೆ ‘ಪ್ರೇಕ್ಷಕರಿಗೆ ಸ್ವಾಗತ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಬೇಕು. ಎಷ್ಟೋ ಜನ ಒಳಗೆ ಬರದಿರುವುದು ಬರಬಹುದೆಂದೇ ತಿಳಿಯದ ಕಾರಣದಿಂದ. ಇಂದಿರಾನಗರ ಮೆಟ್ರೊ ನಿಲ್ದಾಣದಿಂದ ಒಂದೆರಡು ಮಿನಿ ಬಸ್ಸು ಓಡಿಸಬೇಕು. ಅಭ್ಯಾಸದ ದಿನ ಸರ್ಕಾರಿ ಶಾಲೆಗಳ ಮಕ್ಕಳನ್ನು ಕರೆತರಬೇಕು, ಆ ದಿನ ಆಟಗಾರರೂ ನಿರಾಳವಾಗಿ ಮಾತಿಗೆ ಸಿಗುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಡಿಗಳನ್ನು ಬಳಸಿಕೊಳ್ಳಬೇಕು. ನನಗೆ ಈ ಆಟ ನೋಡಲು ಕಲಿಸಿದವರು ಒಬ್ಬ ವಯಸ್ಸಾದ ಕ್ಯಾಡಿ. ‘ಚೆಂಡನ್ನ ಯಾಕ್ ನೋಡ್ತೀರಾ ಸಾರ್, ಅವರ ಕಾಲು ನೋಡಿ, ಎಲ್ಲಿಗೆ ಹೊಡೀತಾರೆ ಅಂತ ಗೊತ್ತಾಗುತ್ತೆ’ ಎಂದು ಅವರು ಹೇಳಿದ್ದು ಯಾವ ವೀಕ್ಷಕ ವಿವರಣೆಯಲ್ಲೂ ನಾನು ಕೇಳದ ಪಾಠ. ಪ್ರತಿ ಗ್ರೀನಿನ ಇಳಿಜಾರು, ಗಾಳಿ ಯಾವ ಮರದ ಸಂದಿಯಿಂದ ನುಗ್ಗುತ್ತದೆ, ಬಂಕರಿನ ಮರಳು ಮಳೆಯ ಮರುದಿನ ಹೇಗೆ ಗಟ್ಟಿಯಾಗುತ್ತದೆ ಎಂಬುದೆಲ್ಲ ಅವರ ಬಾಯಲ್ಲಿದೆ. ಹತ್ತು ಹದಿನೈದು ಪ್ರೇಕ್ಷಕರ ಗುಂಪಿಗೆ ಒಬ್ಬ ಅನುಭವಿ ಕ್ಯಾಡಿಯನ್ನು ಮಾರ್ಗದರ್ಶಿಯಾಗಿ ನೇಮಿಸಿ, ದಿನದ ಕೂಲಿಗೆ ಸರಿಯಾದ ಸಂಭಾವನೆ ಕೊಟ್ಟರೆ, ಅವರು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಆಟವನ್ನು ಬಿಡಿಸಿ ಹೇಳುತ್ತಾರೆ.

ಕ್ಲಬ್ಬುಗಳು ಇದನ್ನೆಲ್ಲ ಮಾಡುವವರೆಗೆ ನಾವು ಕಾಯಬೇಕಾಗಿಯೂ ಇಲ್ಲ. ಮುಂದಿನ ಬಾರಿ ಇಲ್ಲಿ ವೃತ್ತಿಪರ ಟೂರ್ನಿ ನಡೆದಾಗ, ಪ್ರವೇಶದ ವಿಚಾರವನ್ನು ಮೊದಲೇ ಫೋನ್ ಮಾಡಿ ಕೇಳಿಕೊಂಡು, ಗುರುವಾರ ಅಥವಾ ಶುಕ್ರವಾರವೇ ಹೋಗಿ. ಎರಡು ಸುತ್ತುಗಳ ನಂತರ ಹಿಂದುಳಿದವರನ್ನು ಕೈಬಿಡುವುದರಿಂದ ಶುಕ್ರವಾರ ಮಧ್ಯಾಹ್ನ ಉಳಿಯಲು ಹೆಣಗುವವರ ಆಟ ಭಾನುವಾರದಷ್ಟೇ ಬಿಗಿಯಾಗಿರುತ್ತದೆ. ಮೆತ್ತನೆ ತಳದ ಶೂ, ಟೋಪಿ, ನೀರಿನ ಬಾಟಲಿ ಇರಲಿ, ಫೋನು ಸೈಲೆಂಟಿನಲ್ಲಿರಲಿ. ಮೊದಲ ಒಂದು ಗಂಟೆ ಯಾವುದಾದರೂ ಪಾರ್-3 (ಮೂರು ಹೊಡೆತಗಳಲ್ಲಿ ಮುಗಿಸಬೇಕಾದ) ಹೋಲಿನ ಗ್ರೀನಿನ ಪಕ್ಕದ ನೆರಳಿನಲ್ಲಿ ನಿಂತು, ಒಂದರ ಹಿಂದೊಂದು ಬರುವ ಗುಂಪುಗಳು ಒಂದೇ ಗ್ರೀನನ್ನು ಎಷ್ಟು ಬಗೆಯಾಗಿ ಆಡುತ್ತವೆ ಎಂದು ನೋಡಿ. ಆಮೇಲೆ ನಿಮಗೆ ಹಿಡಿಸಿದ ಒಬ್ಬ ಆಟಗಾರರನ್ನು ಆರಿಸಿಕೊಂಡು ಕೊನೆಯ ಹೋಲಿನವರೆಗೆ ಅವರ ಜೊತೆ ನಡೆಯಿರಿ. ಹೋಗುವ ಮನಸ್ಸಿದ್ದವರು ಇಲ್ಲಿ ತಿಳಿಸಿದರೆ ದಿನಾಂಕ ಗೊತ್ತಾದ ಕೂಡಲೇ ನಾನು ಹಾಕುತ್ತೇನೆ, ಒಟ್ಟಿಗೇ ಹೋಗೋಣ.