ನಸುಕಿನ ಟ್ರ್ಯಾಕ್ಟರ್‌ಗೆ ನಿನ್ನೆಯ ತಾರೀಖು

"ಇಡೀ ದೇಶಕ್ಕೆ ಒಂದೇ ಟೈಮು, ನಮಗ್ಯಾಕೆ ಟೈಮ್ ಜೋನ್ ತಲೆನೋವು?" ಸಾಫ್ಟ್‌ವೇರ್ ಬರೆಯುವವರೇ ಹೀಗೆ ಕೇಳುತ್ತಾರೆ. ಅಂಥವರು ಹಂಗಾಮಿನಲ್ಲಿ ಒಂದು ರಾತ್ರಿ ಮುಧೋಳ, ಜಮಖಂಡಿ ಕಡೆಯ ಯಾವುದಾದರೂ ಸಕ್ಕರೆ ಕಾರ್ಖಾನೆಯ ಕಾಟಾ (ಗಾಡಿ ತೂಗುವ ಯಂತ್ರ) ಹತ್ತಿರ ನಿಂತು ನೋಡಬೇಕು.

ಕಬ್ಬಿನ ಗಾಡಿಗಳು ರಾತ್ರಿಯಿಡೀ ಬರುತ್ತವೆ. ಮಂಗಳವಾರ ನಸುಕಿನ 2:10ಕ್ಕೆ ಒಂದು ಟ್ರ್ಯಾಕ್ಟರ್ ತೂಕವಾಯಿತು ಅಂದುಕೊಳ್ಳಿ. ಚೀಟಿಯಲ್ಲಿ ಮಂಗಳವಾರ ಅಂತಲೇ ಇರುತ್ತದೆ. ಆದರೆ ಡೇಟಾಬೇಸ್ ತಾನಾಗಿಯೇ ಹಾಕಿಕೊಂಡ ಟೈಮು ಸೋಮವಾರ ರಾತ್ರಿ 8:40. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಟೈಮು) ಇರುತ್ತವೆ, ನಾವು ಅದಕ್ಕಿಂತ ಐದೂವರೆ ತಾಸು ಮುಂದೆ. ಹಾಗಾಗಿ ಮಧ್ಯರಾತ್ರಿಯಿಂದ ಬೆಳಗಿನ 5:30ರೊಳಗೆ ಬಂದ ಗಾಡಿಗಳೆಲ್ಲ ಹಿಂದಿನ ದಿನದ ವರದಿಗೆ ಜಮಾ. "ಸರ, ನನ್ನ ಗಾಡಿ ಬಂದಿದ್ದು ಮಂಗಳವಾರರೀ, ಇಲ್ಲಿ ಸೋಮವಾರ ತೋರಸ್ತೈತಲ್ರಿ" ಅಂತ ರೈತ ಕೇಳಿದರೆ ಕೌಂಟರಿನ ಹುಡುಗ ಏನು ಹೇಳಬೇಕು? ತೂಕದ ಮೇಲೆ ಮೊದಲೇ ಅನುಮಾನ ಇರುವ ಜಾಗ ಅದು.

ನನಗೆ ಸಿಟ್ಟು ಬರೋದು ಇದರ ರಿಪೇರಿ ನೋಡಿದಾಗ. ಒಬ್ಬ ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿನಿಂದ ಮಾಹಿತಿ ಕೇಳುವ ಸಾಲಿನಲ್ಲಿ, ಐದೂವರೆ ತಾಸು ಕೂಡಿಸುತ್ತಾನೆ. ಸ್ಕ್ರೀನ್ ಬರೆದವನು ಬ್ರೌಸರ್‌ನಲ್ಲಿ ಇನ್ನೊಮ್ಮೆ ಕೂಡಿಸಿರುತ್ತಾನೆ. ನಸುಕಿನ 2:10 ಹೋಗಿ ಬೆಳಗಿನ 7:40!

ಇದಕ್ಕಿಂತ ಕೆಟ್ಟದ್ದು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಡೇಟ್‌ಟೈಮ್ ಕಾಲಂ. ಟೈಮ್‌ಸ್ಟ್ಯಾಂಪ್ ಕಾಲಂ ಆದರೆ ಒಳಗೆ ಯುಟಿಸಿಯಲ್ಲಿ ಇಟ್ಟುಕೊಂಡು, ಕೇಳಿದಾಗ ಕನೆಕ್ಷನ್‌ನ (ಪ್ರೋಗ್ರಾಂ ಡೇಟಾಬೇಸಿಗೆ ಹಾಕಿಕೊಂಡ ಕೊಂಡಿಯ) ಟೈಮ್ ಜೋನ್‌ಗೆ ತಿರುಗಿಸಿ ಕೊಡುತ್ತದೆ. ಡೇಟ್‌ಟೈಮ್ ಆ ಹೊತ್ತಿಗೆ ಕನೆಕ್ಷನ್‌ನ ಟೈಮು ಏನಿತ್ತೋ ಅದನ್ನೇ ಬರೆದಿಟ್ಟು ಸುಮ್ಮನಾಗುತ್ತದೆ. ಆಫೀಸಿನ ಕಂಪ್ಯೂಟರಿನಿಂದ ಡೇಟಾಬೇಸನ್ನು ಕ್ಲೌಡ್‌ಗೆ ಒಯ್ದರೆ, ಹಳೇ ಸಾಲುಗಳಲ್ಲಿ ನಮ್ಮ ಟೈಮು, ಹೊಸವುಗಳಲ್ಲಿ ಯುಟಿಸಿ. ಕಣ್ಣಿಗೆ ಎರಡೂ ಒಂದೇ ಥರ. ಆಮೇಲೆ ಚೀಟಿಗಳ ಕಟ್ಟು ಬಿಚ್ಚಿ, ಯಾವ ನಂಬರಿನಿಂದ ಟೈಮು ಹಿಂದೆ ಹೋಗಿದೆ ಅಂತ ಹುಡುಕಬೇಕು.

ಇಡೋದು ಯುಟಿಸಿಯಲ್ಲಿ, ತೋರಿಸೋದು ನಮ್ಮ ಟೈಮಿನಲ್ಲಿ, ತಿರುಗಿಸೋದು ಒಂದೇ ಕಡೆ. ನಾನಂತೂ ಇದರಲ್ಲಿ ರಾಜಿ ಆಗಲ್ಲ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನಲ್ಲಿ ಟೈಮ್‌ಸ್ಟ್ಯಾಂಪ್‌ಟಿಝಡ್ ಕಾಲಂ (ಇದೂ ಯುಟಿಸಿಯಲ್ಲಿ ಇಟ್ಟುಕೊಂಡು ತಿರುಗಿಸಿ ಕೊಡುತ್ತದೆ) ಬಳಸಿದರೆ ಅರ್ಧ ಕೆಲಸ ಮುಗಿದಂತೆ. ಮೈಎಸ್‌ಕ್ಯೂಎಲ್‌ನಲ್ಲಿ 'ಏಷ್ಯಾ/ಕೋಲ್ಕತಾ' ಅಂತ ಹೆಸರು ಕೊಟ್ಟು ತಿರುಗಿಸುವುದಾದರೆ ಟೈಮ್ ಜೋನ್ ಟೇಬಲ್‌ಗಳನ್ನು ಮೊದಲೇ ತುಂಬಿರಬೇಕು. ಇಲ್ಲದಿದ್ದರೆ ಎರರ್ ಕೂಡ ಬರಲ್ಲ, ಸುಮ್ನೆ ನಲ್, ಅಂದರೆ ಖಾಲಿ ಉತ್ತರ, ಬರುತ್ತದೆ.

ಇನ್ನು ವರದಿಯ 'ದಿನ' ಯಾವಾಗ ಶುರು ಅಂತ ನಾವೇ ಊಹಿಸಬಾರದು, ಕಾರ್ಖಾನೆಯವರನ್ನು ಕೇಳಬೇಕು. ಅವರ ಲೆಕ್ಕ ಬೆಳಗಿನ ಪಾಳಿಯಿಂದ ಶುರುವಾಗುವುದಾದರೆ ಆ 2:10ರ ಗಾಡಿ ಸೋಮವಾರದ ಲೆಕ್ಕಕ್ಕೇ ಹೋಗಲಿ, ತಪ್ಪೇನಿಲ್ಲ. ವರದಿಯ ಮೇಲುಗಡೆ 'ಬೆಳಿಗ್ಗೆ ಇಷ್ಟು ಗಂಟೆಯಿಂದ ಮರುದಿನ ಬೆಳಿಗ್ಗೆ ಇಷ್ಟು ಗಂಟೆವರೆಗೆ' ಅಂತ ಒಂದು ಸಾಲು ಪ್ರಿಂಟ್ ಮಾಡಿ. ಕೌಂಟರಿನ ಹುಡುಗನಿಗೆ ಅದನ್ನು ತೋರಿಸೋಕಾದರೂ ಆಗುತ್ತೆ, ಅಲ್ವಾ?