ಹೆಸರು ಹಾಡಿದವರಿಗೆ, ದುಡ್ಡು ಬರೆದವರಿಗೆ

ಅಮೆರಿಕದ ಕಂಟ್ರಿ ಸಂಗೀತದ ಗಾಯಕ ಕ್ರಿಸ್ ಸ್ಟೇಪಲ್ಟನ್‌ನ 'ಟ್ರಾವೆಲರ್' ಆಲ್ಬಂ ಬಂದದ್ದು 2015ರ ಮೇನಲ್ಲಿ. ಆ ಸಂಗೀತದ ತವರು ಅನ್ನಿಸಿಕೊಂಡ, ನಾನಿರುವ ನ್ಯಾಶ್‌ವಿಲ್‌ನಲ್ಲಿ ಇವತ್ತಿಗೂ ಬ್ರಾಡ್‌ವೇ ಬೀದಿಯ ಬಾರುಗಳ ಮುಂದೆ ಹಾದುಹೋದರೆ ಅದರ ಒಂದು ಹಾಡು ಕಿವಿಗೆ ಬಿದ್ದೇ ಬೀಳುತ್ತದೆ. 'ಟೆನ್ನೆಸ್ಸೀ ವಿಸ್ಕಿ'. ತಮಾಷೆ ಅಂದರೆ, ಕಂಟ್ರಿ ರೇಡಿಯೋಗೆ ಅಂತ ಆಲ್ಬಂನಿಂದ ಆರಿಸಿ ಬಿಡಿಬಿಡಿಯಾಗಿ ಕಳಿಸಿದ ಹಾಡುಗಳಲ್ಲಿ (ಸಿಂಗಲ್ ಅಂತಾರೆ) ಅದು ಇರಲೇ ಇಲ್ಲ. ಕಳಿಸಿದ್ದು 'ಟ್ರಾವೆಲರ್', 'ನೋಬಡಿ ಟು ಬ್ಲೇಮ್', 'ಪ್ಯಾರಾಶೂಟ್'. ಮೊದಲನೆಯದನ್ನು ಸ್ಟೇಷನ್‌ಗಳು ಅಷ್ಟಾಗಿ ಹಾಕಲಿಲ್ಲ. ನವೆಂಬರ್‌ನಲ್ಲಿ ಕಂಟ್ರಿ ಸಂಗೀತದವರ ಸಿಎಂಎ ಪ್ರಶಸ್ತಿ ಸಮಾರಂಭದಲ್ಲಿ ಸ್ಟೇಪಲ್ಟನ್ ಪಾಪ್ ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಜೊತೆ ನಿಂತು ಆ ವಿಸ್ಕಿ ಹಾಡು ಹಾಡಿದ, ಅದೇ ರಾತ್ರಿ ಮೂರು ಪ್ರಶಸ್ತಿ ಬಾಚಿಕೊಂಡ, ಆರು ತಿಂಗಳ ಹಳೇ ಆಲ್ಬಂ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ ಹೋಗಿ ಕೂತಿತು. ಸಿಂಗಲ್ ಆರಿಸುವವರ ಲೆಕ್ಕಾಚಾರ ಇಷ್ಟೇ!

ನನ್ನ ತಕರಾರು ಬೇರೆ. ಆ ಹಾಡು ಅವನು ಬರೆದದ್ದಲ್ಲ. ಡೀನ್ ಡಿಲನ್ ಮತ್ತು ಲಿಂಡಾ ಹಾರ್‌ಗ್ರೋವ್ ಬರೆದದ್ದು. 1983ರಲ್ಲೇ ಜಾರ್ಜ್ ಜೋನ್ಸ್ ಹಾಡಿ ಹಿಟ್ ಮಾಡಿದ್ದ. ಸ್ಟೇಪಲ್ಟನ್ನೇ 'ಟ್ರಾವೆಲರ್'ಗೂ ಮುಂಚೆ ವರ್ಷಗಟ್ಟಲೆ ಬೇರೆಯವರಿಗೆ ಬರೆದುಕೊಟ್ಟವನು. ಲ್ಯೂಕ್ ಬ್ರಯಾನ್ ಹಾಡಿದ 'ಡ್ರಿಂಕ್ ಎ ಬಿಯರ್' ಬರೆದವರಲ್ಲಿ ಇವನೂ ಒಬ್ಬ. ಆಗ ಕೇಳುಗರಲ್ಲಿ ಎಷ್ಟು ಜನಕ್ಕೆ ಇವನ ಹೆಸರು ಗೊತ್ತಿತ್ತು? ಅಂಥವನು ಕೊನೆಗೆ ಮನೆಮಾತಾದದ್ದು ಇನ್ನೊಬ್ಬರು ಬರೆದ ಹಾಡಿನಿಂದ. ಈಗ ಎಲ್ಲರಿಗೂ ಅದು 'ಸ್ಟೇಪಲ್ಟನ್ ಹಾಡು'.

ಬರೆದವರ ಮುಖ ನೋಡಬೇಕಂದರೆ ಇದೇ ಊರಿನ ಗ್ರೀನ್ ಹಿಲ್ಸ್ ಕಡೆಯ ಬ್ಲೂಬರ್ಡ್ ಕೆಫೆಗೆ ಹೋಗಬೇಕು. ಅಂಗಡಿ ಸಾಲಿನಲ್ಲಿ ಒಂದು ಸಣ್ಣ ಜಾಗ. ನಡುವೆ ನಾಲ್ಕು ಜನ ಗಿಟಾರ್ ಹಿಡಿದು ಒಬ್ಬರಿಗೊಬ್ಬರು ಎದುರಾಗಿ ಕೂತು, ಸ್ಟಾರ್‌ಗಳು ಹಾಡಿದ ತಮ್ಮ ಹಾಡುಗಳನ್ನು ಸರದಿಯಲ್ಲಿ ಹಾಡುತ್ತಾರೆ. ಮಾತಾಡಿದರೆ ಸುಮ್ಮನಿರಿ ಅಂತಾರೆ.

ನಮ್ಮ ಕನ್ನಡದಲ್ಲಿ ಬರೆದವರು ಹೀಗೆ ಮರೆಯಲ್ಲಿ ಇರೋದಿಲ್ವಲ್ಲ. ಸುಗಮ ಸಂಗೀತದ ಕಾರ್ಯಕ್ರಮ ಅಂದರೆ ನಿರೂಪಕರು ಮೊದಲು ಕವಿಯ ಹೆಸರು ಹೇಳುತ್ತಾರೆ, ಆಮೇಲೆ ರಾಗ ಸಂಯೋಜನೆ ಯಾರದು ಅಂತ, ಹಾಡುವವರ ಸರದಿ ಕೊನೆಗೆ. ಇಲ್ಲಿನ ಯುಗಾದಿ ಕಾರ್ಯಕ್ರಮದಲ್ಲಿ ಪುಟ್ಟ ಹುಡುಗಿ ಹಾಡಿದರೂ ಅದೇ ಕ್ರಮ. 'ನಿತ್ಯೋತ್ಸವ'ಕ್ಕೆ ಸ್ವರ ಹಾಕಿದವರು ಮೈಸೂರು ಅನಂತಸ್ವಾಮಿ, ಹಾಡಿದವರು ಲೆಕ್ಕವಿಲ್ಲ, ಆದರೂ ಅದು ನಿಸಾರ್ ಅಹಮದರ ಹಾಡೇ. (ಸಿನಿಮಾ ಹಾಡಿನ ಮಾತು ಬಿಡಿ. ಚಿ. ಉದಯಶಂಕರ್ ಬರೆದು ಪಿ.ಬಿ. ಶ್ರೀನಿವಾಸ್ ಹಾಡಿದ್ದನ್ನೂ ನಾವು ರಾಜ್‌ಕುಮಾರ್ ಹಾಡು ಅಂತಲೇ ಅನ್ನೋದು.)

ಹಾಗಂತ ಬೀಗುವುದು ಬೇಡ. ಅಮೆರಿಕದಲ್ಲಿ ಎಫ್‌ಎಂ ರೇಡಿಯೋ ಹಾಡು ಹಾಕಿದಾಗ ರಾಯಲ್ಟಿ ಹೋಗುವುದು ಬರೆದವರಿಗೆ ಮತ್ತು ಹಾಡಿನ ಹಕ್ಕು ನೋಡಿಕೊಳ್ಳುವ ಅವರ ಪಬ್ಲಿಷರ್‌ಗೆ, ಹಾಡಿದವರಿಗೆ ಅಲ್ಲ. ಅದಕ್ಕೇ ಸಿಂಗಲ್ ಅಂದರೆ ಇಲ್ಲಿ ಬರೆಯುವವರು ಬಾಯಿ ಬಾಯಿ ಬಿಡುವುದು, ತಿಂಗಳುಗಟ್ಟಲೆ ದೇಶದ ತುಂಬಾ ಓಡಿದರೆ ಒಂದೇ ಹಾಡು ಮನೆ ನಡೆಸುತ್ತದೆ. ನಮ್ಮ ಸಿನಿಮಾ ಸಾಹಿತಿಗಳಿಗೆ ರಾಯಲ್ಟಿ ಹಕ್ಕು ಗಟ್ಟಿಯಾಗಲು 2012ರ ಕಾಪಿರೈಟ್ ತಿದ್ದುಪಡಿ ತನಕ ಕಾಯಬೇಕಾಯಿತು.

ಇನ್ನು ಭಾವಗೀತೆ? ಹೊರನಾಡಲ್ಲಿ ನಾವು ಟಿಕೆಟ್ ಇಟ್ಟು ಸಂಜೆಪೂರ್ತಿ ಕವಿಗಳ ಹೆಸರು ಹೇಳಿ ಚಪ್ಪಾಳೆ ಹೊಡೆಯುತ್ತೇವೆ. ಹಾಲ್ ಬಾಡಿಗೆ, ಸೌಂಡ್‌ನವರು, ಊಟದವರು ಎಲ್ಲರಿಗೂ ಲೆಕ್ಕ ಚುಕ್ತಾ ಆಗುತ್ತದೆ. ಕವಿಗೆ ಅಂತ ಒಂದು ಸಾಲು ಆ ಲೆಕ್ಕದ ಹಾಳೆಯಲ್ಲಿ ನಾನಂತೂ ನೋಡಿಲ್ಲ. ನೀವು ನೋಡಿದ್ದೀರಾ?