ಥಕಾರದ ಹೊಟ್ಟೆಯೊಳಗಿನ ಚುಕ್ಕಿ

ದಾವಣಗೆರೆಯ ಮಂಡಿಪೇಟೆ ಹತ್ತಿರ ನಮ್ಮದೊಂದು ಚಿಕ್ಕ ಡಿಟಿಪಿ ಅಂಗಡಿ. ಹೋದ ಮದುವೆ ಸೀಸನ್ನಿನಲ್ಲಿ 400 ಲಗ್ನಪತ್ರಿಕೆಗಳನ್ನು ಕೈಯಿಂದ ದುಡ್ಡು ಹಾಕಿ ಮತ್ತೆ ಪ್ರಿಂಟ್ ಮಾಡಿಸಿಕೊಟ್ಟೆ. ವರನ ಹೆಸರಿನ ಕೊನೆಯ 'ನಾಥ' ಹೋಗಿ 'ನಾಧ' ಆಗಿತ್ತು. ನಾನು ನೋಡಿದ್ದೆ, ಹುಡುಗನ ಅಪ್ಪ ನೋಡಿದ್ದರು, ಅವರ ಭಾವಮೈದುನ ಪರದೆ ಮೇಲೆ ಬೆರಳಿಟ್ಟು ಓದಿದ್ದರು. ಮೂವರಿಗೂ ಸರಿಯಾಗೇ ಕಂಡಿತ್ತು.

ರಾತ್ರಿ ಶಟರ್ ಎಳೆದು ಅದೇ ಹೆಸರನ್ನು ಅದೇ ಹಳೇ 17 ಇಂಚಿನ ಚೌಕ ಎಲ್‌ಸಿಡಿಯಲ್ಲಿ ಮತ್ತೆ ನೋಡಿದೆ. ಇಡೀ ಪತ್ರಿಕೆ ಒಟ್ಟಿಗೆ ಕಾಣಲಿ ಅಂತ ಝೂಮ್ ಕುಗ್ಗಿಸಿದಾಗ ಹೆಸರು 12 ಪಾಯಿಂಟಿನಷ್ಟಾಗಿತ್ತು. ವಿಂಡೋಸ್ ಲೆಕ್ಕದಲ್ಲಿ ಅದು 16 ಪಿಕ್ಸೆಲ್ (ಪರದೆಯ ಚಿಕ್ಕ ಚೌಕ) ಎತ್ತರ. ಇಂಗ್ಲಿಷಿಗೆ ಧಾರಾಳ. ನಮ್ಮ ಅಕ್ಷರ ಅಷ್ಟರಲ್ಲೇ ಮೇಲೆ ಗುಡಿಸು, ಕೆಳಗೆ ಒತ್ತು ಎಲ್ಲಾ ಹಿಡಿಸಿಕೊಳ್ಳಬೇಕು. ದ, ಧ, ಥ ಮೂರಕ್ಕೂ ಮೈ ಒಂದೇ. ಕೆಳಗೆ ಸೀಳಿದರೆ ಧ, ಹೊಟ್ಟೆಯೊಳಗೆ ಚುಕ್ಕಿಯನ್ನೂ ಇಟ್ಟರೆ ಥ. ಆ ಚುಕ್ಕಿಗೆ ಅಲ್ಲಿ ಸಿಗೋದು ಹೆಚ್ಚೆಂದರೆ ಒಂದು ಪಿಕ್ಸೆಲ್, ಕಾಲು ಮಿಲಿಮೀಟರು!

ಸಾಲದ್ದಕ್ಕೆ, ಅಕ್ಷರ ದೊಡ್ಡದಾಗಲಿ ಅಂತ ಅಂಗಡಿ ಹುಡುಗರು ರೆಸಲ್ಯೂಶನ್, ಅಂದರೆ ಅಡ್ಡಕ್ಕೆ ಉದ್ದಕ್ಕೆ ಎಷ್ಟು ಪಿಕ್ಸೆಲ್ ಅನ್ನೋ ಅಳತೆ, 1024×768ಕ್ಕೆ ಇಳಿಸಿದ್ದರು. ಆ ಪರದೆಯಲ್ಲಿ ಇರೋದು 1280×1024. ಒಂದು ಪಿಕ್ಸೆಲ್ಲನ್ನು ಅಡ್ಡಕ್ಕೆ ಒಂದೂಕಾಲು ಪಿಕ್ಸೆಲ್ಲಾಗಿ ಹಿಗ್ಗಿಸಬೇಕು. ಕಾಲು ಪಿಕ್ಸೆಲ್ ಅನ್ನೋದು ಎಲ್‌ಸಿಡಿಯಲ್ಲಿ ಇಲ್ಲ, ಹಾಗಾಗಿ ಅಂಚೆಲ್ಲ ಬೂದು ಬೂದು. (ಹಳೇ ಡಬ್ಬಾ ಮಾನಿಟರಿನಲ್ಲಿ ಈ ಕಾಟ ಇಷ್ಟಿರಲಿಲ್ಲ.) ಅಳತೆಯನ್ನು 1280×1024ಕ್ಕೇ ವಾಪಸ್ ತಂದೆ, ಅಕ್ಷರ ದೊಡ್ಡದು ಮಾಡೋ ಸ್ಕೇಲಿಂಗ್ 125% ಮಾಡಿದೆ, ಅಕ್ಷರದ ಅಂಚು ನಯ ಮಾಡೋ ವಿಂಡೋಸಿನ ಕ್ಲಿಯರ್‌ಟೈಪ್ ಹಾಕಿದೆ. ಹಳೇ ಕಾಲದ ವಿಜಿಎ ಕೇಬಲ್ ಆದ್ದರಿಂದ, ಚಿತ್ರ ಪಿಕ್ಸೆಲ್ಲಿಗೆ ಸರಿಯಾಗಿ ಕೂರಲಿ ಅಂತ ಮಾನಿಟರಿನ ಆಟೋ ಬಟನ್ನನ್ನೂ ಒಮ್ಮೆ ಒತ್ತಿದೆ. ಖರ್ಚು ಒಂದು ರೂಪಾಯಿ ಇಲ್ಲ.

ನನಗೆ ಹೊಟ್ಟೆ ಉರಿಯೋದು ಇನ್ನೊಂದಕ್ಕೆ. ಕನ್ನಡ ವೆಬ್‌ಸೈಟ್ ಮಾಡೋ ಎಷ್ಟೋ ಜನ ಇಂಗ್ಲಿಷ್ ಪುಟದ 12, 13 ಪಿಕ್ಸೆಲ್ಲನ್ನೇ ಎತ್ತಿ ಇಟ್ಟುಬಿಡ್ತಾರೆ. ಪಹಣಿಯಲ್ಲಿ ಹೆಸರು ಸರಿ ಇದೆಯಾ ನೋಡೋಕೆ ಹಳ್ಳಿಯಿಂದ ಬಂದ ಹಿರಿಯರು 'ಕಣ್ಣು ಹೋದ್ವಪ್ಪ' ಅಂತ ತಮ್ಮನ್ನೇ ಬೈಕೋತಾರೆ. ಕಂಟ್ರೋಲ್ ಹಿಡಿದು ಪ್ಲಸ್ ನಾಲ್ಕು ಸಲ ಒತ್ತಿದರೆ ಅದೇ ಕಣ್ಣಲ್ಲಿ ಸರ್ವೆ ನಂಬರ್ ಸಮೇತ ಗಟ್ಟಿಯಾಗಿ ಓದ್ತಾರೆ. ಕೈಮುಗಿದು ಕೇಳ್ತೀನಿ, ಕನ್ನಡಕ್ಕೆ 18 ಪಿಕ್ಸೆಲ್ಲಿಗಿಂತ ಕಮ್ಮಿ ಕೊಡಬೇಡಿ. ಒತ್ತಕ್ಷರ ಕೆಳಗಿನ ಸಾಲಿನ ತಲೆ ಮುಟ್ಟದ ಹಾಗೆ ಜಾಗ ಬಿಡಿ.

ನಮ್ಮ ಅಂಗಡಿಯಲ್ಲಿ ಈಗ ಪ್ರೂಫ್ ತೋರಿಸೋದು 200%ನಲ್ಲಿ. ಹೆಸರು ಬಂದ ಕಡೆ 400%.